ಫೀಡಿನೊಳಗಿನ ವ್ಯಾಪಾರವನ್ನು ಗುರುತಿಸುವ ಬಗೆ

ಸಾಮಾಜಿಕ ಜಾಲತಾಣಗಳನ್ನು ಬಿಟ್ಟುಬಿಡಿ ಎಂದು ಉಪದೇಶಿಸುವುದು ಈ ಬರಹದ ಉದ್ದೇಶವಲ್ಲ. ಬಂಧುಗಳ ಸುದ್ದಿಗೂ ಕೆಲಸದ ಸಂಪರ್ಕಕ್ಕೂ ಅವನ್ನೇ ನೆಚ್ಚಿಕೊಂಡವರು, ಬಿಡುವ ಮನಸ್ಸಿಲ್ಲದವರು, ಬಿಟ್ಟು ಮತ್ತೆ ಮರಳಿ ಬಂದವರು ಅಲ್ಲಿ ಕಣ್ಣಿಗೆ ಬೀಳುವ ಪೋಸ್ಟಿನ ಹಿಂದೆ ಹಣ ಕೊಟ್ಟವರು ಇದ್ದಾರೆಯೇ, ಇದ್ದರೆ ಯಾರು, ಅವರಿಗೆ ನಮ್ಮಿಂದ ಏನಾಗಬೇಕಿದೆ ಎಂಬುದನ್ನು ತಾವೇ ಪತ್ತೆ ಮಾಡಿಕೊಳ್ಳುವುದು ಹೇಗೆಂಬುದನ್ನು ಇಲ್ಲಿ ಸಾಧ್ಯವಾದಷ್ಟು ವಿವರವಾಗಿ ಹೇಳಲಾಗಿದೆ. ಇದಕ್ಕೆ ತಾಂತ್ರಿಕ ಪರಿಣತಿ ಬೇಕಿಲ್ಲ. ಎಲ್ಲಿ ಒತ್ತಬೇಕು, ಒತ್ತಿದ ಮೇಲೆ ಕಾಣುವುದನ್ನು ಹೇಗೆ ಓದಬೇಕು ಎಂಬುದು ತಿಳಿದಿದ್ದರೆ ಸಾಕು.

ಮೊದಲು ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮತ್ತು ವಾಟ್ಸ್‌ಆ್ಯಪ್‌ಗಳ ಒಡೆತನ ಹೊಂದಿರುವ ಮೆಟಾ ಕಂಪನಿಯ 2023ರ ಒಟ್ಟು ವರಮಾನ ಸುಮಾರು 135 ಶತಕೋಟಿ ಡಾಲರ್ ಆಗಿತ್ತು. ಅದರಲ್ಲಿ ಸುಮಾರು 132 ಶತಕೋಟಿ ಡಾಲರ್ ಬಂದದ್ದು ಜಾಹೀರಾತಿನಿಂದ. ಈ ಸ್ಥಿತಿ ಒಮ್ಮೆಗೇ ಬಂದದ್ದಲ್ಲ. 2004ರಲ್ಲಿ ಆರಂಭವಾದ ಫೇಸ್‌ಬುಕ್ 2007ರ ನವೆಂಬರಿನಲ್ಲಿ ತನ್ನ ಜಾಹೀರಾತು ವ್ಯವಸ್ಥೆಯನ್ನು ವ್ಯಾಪಾರ ಸಂಸ್ಥೆಗಳಿಗೆ ವಿಶಾಲವಾಗಿ ತೆರೆಯಿತು. ಅದರೊಂದಿಗೇ ಬಂದ ಬೀಕನ್ ಎಂಬ ಸೌಲಭ್ಯವು ಬಳಕೆದಾರರು ಬೇರೆ ತಾಣಗಳಲ್ಲಿ ಮಾಡಿದ ಖರೀದಿಯನ್ನು ಅವರ ಸ್ನೇಹಿತರ ಫೀಡಿಗೆ, ಎಂದರೆ ಆ್ಯಪ್ ತೆರೆದಾಗ ಒಂದರ ಕೆಳಗೊಂದು ಕಾಣುವ ಪೋಸ್ಟ್‌ಗಳ ಸಾಲಿಗೆ, ತಂದು ತೋರಿಸತೊಡಗಿ, ಮೊಕದ್ದಮೆ ಎದುರಿಸಿ, 2009ರಲ್ಲಿ ಮುಚ್ಚಿಹೋಯಿತು. ಟ್ವಿಟರ್ 2010ರಲ್ಲಿ, ಇನ್‌ಸ್ಟಾಗ್ರಾಂ 2013ರಲ್ಲಿ ಜಾಹೀರಾತುಗಳನ್ನು ಒಳಗೆ ಬಿಟ್ಟುಕೊಂಡವು. ಜಾಹೀರಾತು ಮಾರುವುದಿಲ್ಲವೆಂದು 2012ರಲ್ಲಿ ಬಹಿರಂಗವಾಗಿ ಸಾರಿದ್ದ ವಾಟ್ಸ್‌ಆ್ಯಪ್ 2014ರಲ್ಲಿ ಫೇಸ್‌ಬುಕ್‌ನ ಕೈಸೇರಿತು. 2025ರ ಜೂನ್‌ನಲ್ಲಿ ಅದರ ಸ್ಟೇಟಸ್ ವಿಭಾಗಕ್ಕೂ ಜಾಹೀರಾತು ಬರಲಿದೆ ಎಂಬ ಪ್ರಕಟಣೆ ಹೊರಬಿತ್ತು.

ಇದಕ್ಕಿಂತ ಮುಖ್ಯವಾದ ಬದಲಾವಣೆ ಅಷ್ಟಾಗಿ ಸುದ್ದಿಯಾಗಲಿಲ್ಲ. ಆರಂಭದ ವರ್ಷಗಳಲ್ಲಿ ಒಂದು ಸಂಸ್ಥೆ ತನ್ನದೇ ಪುಟವನ್ನು ತೆರೆದು ಪೋಸ್ಟ್ ಹಾಕಿದರೆ ಅದನ್ನು ಮೆಚ್ಚಿಕೊಂಡವರಲ್ಲಿ ಹೆಚ್ಚಿನವರಿಗೆ ಅದು ಖರ್ಚಿಲ್ಲದೆ ತಲುಪುತ್ತಿತ್ತು. ವರ್ಷ ಕಳೆದಂತೆ ಆ ಉಚಿತ ಹಾದಿ ಕಿರಿದಾಗುತ್ತ ಬಂದು, 2018ರ ಜನವರಿಯಲ್ಲಿ ಸ್ನೇಹಿತರ ಮತ್ತು ಕುಟುಂಬದವರ ಪೋಸ್ಟ್‌ಗಳಿಗೆ ಆದ್ಯತೆ ಕೊಡುವುದಾಗಿಯೂ ವ್ಯಾಪಾರ ಪುಟಗಳ ಪೋಸ್ಟ್‌ಗಳು ಕಡಿಮೆಯಾಗುವುದಾಗಿಯೂ ಫೇಸ್‌ಬುಕ್ ಪ್ರಕಟಿಸಿತು. ಬಳಕೆದಾರರಿಗೆ ಇದು ಒಳ್ಳೆಯ ಸುದ್ದಿಯಂತೆ ಕಂಡಿತು. ಆದರೆ ಸಂಸ್ಥೆಗಳ ಮುಂದೆ ಉಳಿದದ್ದು ಎರಡೇ ದಾರಿ: ಹಣ ತೆತ್ತು ಜಾಗ ಕೊಳ್ಳುವುದು, ಇಲ್ಲವೇ ಸ್ನೇಹಿತರಂತೆ ಮಾತನಾಡಬಲ್ಲ ವ್ಯಕ್ತಿಗಳ ಮೂಲಕ ಒಳಗೆ ಬರುವುದು. ಅವು ಎರಡನ್ನೂ ಮಾಡಿದವು. ಆದ್ದರಿಂದ ಜಾಹೀರಾತು ಎಂದು ಹೇಳಿಕೊಂಡು ಬರುವ ಜಾಹೀರಾತಿಗಿಂತ, ಹೇಳಿಕೊಳ್ಳದೆ ಬರುವ ವ್ಯಾಪಾರದ ಮೇಲೆ ನಮ್ಮ ಗಮನ ಹೆಚ್ಚು ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ; ಮುಂದಿನ ವಿವರಗಳೆಲ್ಲ ಇದನ್ನೇ ಅನುಸರಿಸಿವೆ.

ಹಣೆಪಟ್ಟಿ ಇರುವ ಜಾಹೀರಾತನ್ನು ಓದುವುದು

ಖಾತೆಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಪ್ರಾಯೋಜಿತ’ ಎಂದೋ ‘ಸ್ಪಾನ್ಸರ್ಡ್’ ಎಂದೋ ಬರೆದಿರುವ ಪೋಸ್ಟ್ ಎಲ್ಲಕ್ಕಿಂತ ಪ್ರಾಮಾಣಿಕವಾದದ್ದು, ಏಕೆಂದರೆ ಅದರ ಜಾತಕವನ್ನು ನೋಡುವ ವ್ಯವಸ್ಥೆ ಅದರಲ್ಲೇ ಇದೆ. ಪೋಸ್ಟಿನ ಮೂಲೆಯಲ್ಲಿರುವ ಮೂರು ಚುಕ್ಕೆಗಳನ್ನು ಒತ್ತಿದರೆ ‘ಈ ಜಾಹೀರಾತು ನನಗೇಕೆ ಕಾಣುತ್ತಿದೆ’ ಎಂಬ ಅರ್ಥದ ಆಯ್ಕೆ ಬರುತ್ತದೆ. ಅದನ್ನು ತೆರೆದಾಗ ಜಾಹೀರಾತುದಾರರು ಬಯಸಿದ ವಯಸ್ಸು, ಪ್ರದೇಶ, ಆಸಕ್ತಿಗಳು ಕಾಣಿಸುತ್ತವೆ. ಹೆಚ್ಚಿನವರು ಇಷ್ಟು ನೋಡಿ ಮುಚ್ಚಿಬಿಡುತ್ತಾರೆ. ಇನ್ನೂ ಎರಡು ಸಾಲು ಕೆಳಗೆ ಹೋಗಬೇಕು. ಜಾಹೀರಾತುದಾರರು ಒಂದು ಪಟ್ಟಿಯನ್ನು ಅಪ್‌ಲೋಡ್ ಮಾಡಿದ್ದಾರೆ, ಅಥವಾ ನೀವು ಅವರ ಜಾಲತಾಣಕ್ಕೆ ಭೇಟಿ ನೀಡಿರಬಹುದು ಎಂಬ ಒಕ್ಕಣೆ ಅಲ್ಲಿದ್ದರೆ, ಆ ಸಂಸ್ಥೆ ನಿಮ್ಮಂಥವರನ್ನು ಹುಡುಕುತ್ತಿಲ್ಲ, ನೇರವಾಗಿ ನಿಮ್ಮನ್ನೇ ಹುಡುಕಿಕೊಂಡು ಬಂದಿದೆ ಎಂದು ತಿಳಿಯಬೇಕು.

ಇದು ನಡೆಯುವ ಬಗೆ ಸರಳವಾಗಿದೆ. ಅಂಗಡಿಯಲ್ಲಿ ಬಿಲ್ ಮಾಡಿಸುವಾಗ ಕೊಟ್ಟ ಮೊಬೈಲ್ ಸಂಖ್ಯೆ, ಯಾವುದೋ ರಿಯಾಯಿತಿಗಾಗಿ ತುಂಬಿದ ಇಮೇಲ್ ವಿಳಾಸ ಆ ಸಂಸ್ಥೆಯ ಪಟ್ಟಿಯಲ್ಲಿ ಉಳಿದಿರುತ್ತವೆ. ಆ ಪಟ್ಟಿಯನ್ನು ಗೂಢ ಸಂಕೇತಗಳಾಗಿ ಪರಿವರ್ತಿಸಿ ಜಾಲತಾಣಕ್ಕೆ ಒಪ್ಪಿಸಿದಾಗ, ಜಾಲತಾಣವು ತನ್ನಲ್ಲಿರುವ ಸಂಖ್ಯೆಗಳ ಸಂಕೇತಗಳೊಂದಿಗೆ ಹೋಲಿಸಿ ಹೊಂದಿಕೆಯಾದವರಿಗೆ ಜಾಹೀರಾತು ತೋರಿಸುತ್ತದೆ. ಅಷ್ಟಕ್ಕೇ ನಿಲ್ಲದೆ, ಆ ಪಟ್ಟಿಯಲ್ಲಿರುವವರ ಸ್ವಭಾವವನ್ನು ಹೋಲುವ ಇತರರನ್ನೂ ಹುಡುಕಿ ಕೊಡುತ್ತದೆ. ಮನೆಯಲ್ಲಿ ಒಬ್ಬರು ಒಂದು ವಸ್ತುವನ್ನು ಕೊಂಡ ಮೇಲೆ ಮತ್ತೊಬ್ಬರ ಫೋನಿನಲ್ಲಿ ಅದೇ ವಸ್ತು ಕಾಣಿಸಿಕೊಂಡಾಗ ಫೋನು ನಮ್ಮ ಮಾತನ್ನು ಕದ್ದು ಕೇಳುತ್ತಿದೆ ಎಂದು ಅನುಮಾನಿಸುವವರು ಬಹಳ ಮಂದಿ ಇದ್ದಾರೆ. ಈ ಪಟ್ಟಿಗಳು ಮತ್ತು ಹೋಲಿಕೆಗಳು ಅಂಥ ಹೆಚ್ಚಿನ ಪ್ರಸಂಗಗಳನ್ನು ವಿವರಿಸಲು ಸಾಕಾಗುತ್ತವೆ. ಹಾಗಾಗಿ ಮಾಡಬೇಕಾದ ಮೊದಲ ಕೆಲಸ ಫೋನಿನ ಹೊರಗೇ ಇದೆ: ಅಗತ್ಯವಿಲ್ಲದ ಕಡೆ ಮುಖ್ಯ ಸಂಖ್ಯೆಯನ್ನೂ ಮುಖ್ಯ ಇಮೇಲನ್ನೂ ಕೊಡದಿರುವುದು, ಖರೀದಿಗಳಿಗೆಂದೇ ಬೇರೆಯೊಂದು ಇಮೇಲ್ ಇಟ್ಟುಕೊಳ್ಳುವುದು.

ಜಾಹೀರಾತಿನ ಜಾಗ ಹರಾಜಾಗುವ ಕ್ರಮವನ್ನೂ ಇಲ್ಲಿ ತಿಳಿದುಕೊಂಡರೆ ಒಳ್ಳೆಯದು. ನೀವು ಫೀಡ್ ತೆರೆದ ಕ್ಷಣದಲ್ಲಿ ಹರಾಜು ನಡೆಯುತ್ತದೆ, ಆದರೆ ಹೆಚ್ಚು ಹಣ ಕೂಗಿದವರೇ ಗೆಲ್ಲುವುದಿಲ್ಲ. ಕೂಗಿದ ಮೊತ್ತದ ಜೊತೆಗೆ, ಆ ಜಾಹೀರಾತನ್ನು ಕಂಡು ನೀವು ಒತ್ತುವ ಅಥವಾ ಕೊಳ್ಳುವ ಸಂಭವ ಎಷ್ಟೆಂಬ ಅಂದಾಜು, ಜಾಹೀರಾತಿನ ಗುಣಮಟ್ಟ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆ ಅಂದಾಜು ಸಿದ್ಧವಾಗುವುದು ನಿಮ್ಮ ಹಿಂದಿನ ನಡವಳಿಕೆಯಿಂದ. ಸಿಟ್ಟಿನಿಂದ ಜಾಹೀರಾತಿನ ಕೆಳಗೆ ಬೈದು ಬರೆದ ಕಾಮೆಂಟೂ ಒಂದು ಪ್ರತಿಕ್ರಿಯೆಯಾಗಿ ದಾಖಲಾಗುತ್ತದೆ. ಬೇಡವಾದ ಜಾಹೀರಾತಿನೊಡನೆ ಜಗಳಕ್ಕೆ ಇಳಿಯದೆ, ಅದೇ ಮೂರು ಚುಕ್ಕೆಗಳ ಮೂಲಕ ‘ಹೈಡ್’ ಮಾಡುವುದೇ ಸರಿಯಾದ ಕ್ರಮ. ಮೋಸದ್ದಾಗಿದ್ದರೆ ‘ರಿಪೋರ್ಟ್’ ಮಾಡಬೇಕು.

ಅನುಮಾನ ಬಂದ ಜಾಹೀರಾತಿನ ಹಿನ್ನೆಲೆಯನ್ನು ತಿಳಿಯಲು ಎರಡು ಸಾರ್ವಜನಿಕ ದಾಖಲೆಗಳು ಲಭ್ಯವಿವೆ. ಮೆಟಾದ ‘ಆ್ಯಡ್ ಲೈಬ್ರರಿ’ಯನ್ನು ಖಾತೆ ಇಲ್ಲದವರೂ ತೆರೆಯಬಹುದು. ದೇಶವನ್ನೂ ಜಾಹೀರಾತಿನ ಬಗೆಯನ್ನೂ ಆರಿಸಿ ಸಂಸ್ಥೆಯ ಹೆಸರನ್ನು ಬರೆದರೆ, ಆ ಸಂಸ್ಥೆ ಆ ಹೊತ್ತಿನಲ್ಲಿ ನಡೆಸುತ್ತಿರುವ ಎಲ್ಲ ಜಾಹೀರಾತುಗಳೂ ಆರಂಭದ ದಿನಾಂಕದೊಂದಿಗೆ ಕಾಣುತ್ತವೆ. ಗೂಗಲ್ ಕಂಪನಿಯೂ 2023ರಿಂದ ಇಂಥದೇ ‘ಆ್ಯಡ್ಸ್ ಟ್ರಾನ್ಸ್‌ಪರೆನ್ಸಿ ಸೆಂಟರ್’ ನಡೆಸುತ್ತಿದ್ದು, ಯೂಟ್ಯೂಬ್ ಜಾಹೀರಾತುಗಳನ್ನು ಅಲ್ಲಿ ಹುಡುಕಬಹುದು. ಇವುಗಳಲ್ಲಿ ನೋಡಬೇಕಾದದ್ದು ಏನು? ‘ಇಂದೇ ಕೊನೆಯ ದಿನ’ ಎನ್ನುವ ಜಾಹೀರಾತು ಎರಡು ತಿಂಗಳಿಂದ ಓಡುತ್ತಿದ್ದರೆ ಆ ಕೊನೆಯ ದಿನ ಸುಳ್ಳು. ಒಂದೇ ವಸ್ತುವನ್ನು ಒಂದು ಜಾಹೀರಾತು ಮಂಡಿನೋವಿಗೆ, ಇನ್ನೊಂದು ನಿದ್ರಾಹೀನತೆಗೆ, ಮತ್ತೊಂದು ಕೂದಲು ಉದುರುವುದಕ್ಕೆ ಮದ್ದೆಂದು ಹೇಳುತ್ತಿದ್ದರೆ, ಯಾರಿಗೆ ಯಾವ ಚಿಂತೆ ಇದೆಯೋ ಅವರಿಗೆ ಆ ಮಾತು ಎಂಬ ಲೆಕ್ಕ ಕಣ್ಣಮುಂದೆಯೇ ತೆರೆದುಕೊಳ್ಳುತ್ತದೆ. ಫೀಡಿನಲ್ಲಿ ನಿಮಗೆ ಕಾಣುವುದು ಒಂದೇ ರೂಪ; ಎಲ್ಲ ರೂಪಗಳೂ ಒಟ್ಟಿಗೆ ಕಾಣುವುದು ಇಲ್ಲಿ ಮಾತ್ರ.

ಇದರೊಂದಿಗೆ ಪುಟದ ಚರಿತ್ರೆಯನ್ನೂ ತೆರೆದು ನೋಡಬೇಕು. ಫೇಸ್‌ಬುಕ್‌ನಲ್ಲಿ ‘ಪೇಜ್ ಟ್ರಾನ್ಸ್‌ಪರೆನ್ಸಿ’, ಇನ್‌ಸ್ಟಾಗ್ರಾಂನಲ್ಲಿ ‘ಈ ಖಾತೆಯ ಬಗ್ಗೆ’ ಎಂಬ ಭಾಗದಲ್ಲಿ ಖಾತೆ ಆರಂಭವಾದ ಕಾಲ, ಹಿಂದಿನ ಹೆಸರುಗಳ ಮಾಹಿತಿ, ನಡೆಸುವವರು ಇರುವ ದೇಶ ಮುಂತಾದ ವಿವರಗಳು ಇರುತ್ತವೆ. ಕಳೆದ ವರ್ಷ ಹಾಸ್ಯದ ತುಣುಕುಗಳನ್ನು ಹಾಕುತ್ತಿದ್ದ ಪುಟ ಹೆಸರು ಬದಲಾಯಿಸಿಕೊಂಡು ಈಗ ಕೈಗಡಿಯಾರ ಮಾರುತ್ತಿದ್ದರೆ, ಅದರ ಸಾವಿರಾರು ಹಿಂಬಾಲಕರು ಕೈಗಡಿಯಾರದ ಗ್ರಾಹಕರಲ್ಲ ಎಂಬುದು ಸ್ಪಷ್ಟ.

ಲಿಂಕಿನ ಬಾಲ

ಪೋಸ್ಟಿನಲ್ಲಿರುವ ಲಿಂಕನ್ನು ಒತ್ತುವ ಬದಲು ಒಮ್ಮೆ ನಕಲು ಮಾಡಿ ಎಲ್ಲಾದರೂ ಅಂಟಿಸಿ ನೋಡಿ. ವಿಳಾಸದ ನಡುವೆ ಒಂದು ಪ್ರಶ್ನಾರ್ಥಕ ಚಿಹ್ನೆ ಇದ್ದು, ಅದರ ನಂತರ ಉದ್ದನೆಯ ಅಕ್ಷರ-ಅಂಕಿಗಳ ಸಾಲು ಇದ್ದರೆ ಅದನ್ನು ಓದಲು ಕಲಿಯಬೇಕು. ‘ಯುಟಿಎಂ’ ಎಂದು ಆರಂಭವಾಗುವ ತುಣುಕುಗಳು ಯಾವ ಜಾಲತಾಣದಿಂದ, ಯಾವ ಪ್ರಚಾರದಿಂದ ನೀವು ಬಂದಿರಿ ಎಂಬುದನ್ನು ಮಾರಾಟಗಾರರಿಗೆ ತಿಳಿಸುತ್ತವೆ. ‘ಎಫ್‌ಬಿ’ ಅಕ್ಷರಗಳಿಂದ ಆರಂಭವಾಗುವ ಒಂದು ತುಣುಕನ್ನು ಫೇಸ್‌ಬುಕ್ ತಾನೇ ಸೇರಿಸುತ್ತದೆ. ಅದು ಒಂದೊಂದು ಕ್ಲಿಕ್ಕಿಗೂ ಬೇರೆಯಾಗಿರುತ್ತದೆ. ‘ರೆಫ್’, ‘ಟ್ಯಾಗ್’, ‘ಅಫ್’ ಎಂಬಂಥ ಪದಗಳ ಮುಂದೆ ಯಾರದೋ ಹೆಸರು ಅಥವಾ ಸಂಖ್ಯೆ ಇದ್ದರೆ ಅದು ಬಹುಮಟ್ಟಿಗೆ ಕಮಿಷನ್ ಲಿಂಕ್: ನೀವು ಕೊಂಡರೆ ಆ ಹೆಸರಿನವರಿಗೆ ಪಾಲು ಸಲ್ಲುತ್ತದೆ. ಕಮಿಷನ್ ಪಡೆಯುವುದು ತಪ್ಪೇನಲ್ಲ, ಅದನ್ನು ಹೇಳದಿರುವುದು ತಪ್ಪು. ಸಾಮಾನ್ಯವಾಗಿ ಪ್ರಶ್ನಾರ್ಥಕ ಚಿಹ್ನೆಯಿಂದ ಮುಂದಿನದನ್ನೆಲ್ಲ ಅಳಿಸಿ ಹಾಕಿದರೂ ಪುಟ ತೆರೆದುಕೊಳ್ಳುತ್ತದೆ. ತೆರೆಯದಿದ್ದರೆ ಮಾತ್ರ ಬಾಲದ ಯಾವುದೋ ಭಾಗ ನಿಜಕ್ಕೂ ಬೇಕಾಗಿದೆ ಎಂದರ್ಥ. ಇತರರಿಗೆ ಲಿಂಕ್ ಕಳುಹಿಸುವಾಗಲೂ ಬಾಲ ಕತ್ತರಿಸಿ ಕಳುಹಿಸುವುದು ಒಳ್ಳೆಯ ಅಭ್ಯಾಸ.

ಲಿಂಕ್ ಎಲ್ಲಿ ತೆರೆಯುತ್ತದೆ ಎಂಬುದೂ ಗಮನಾರ್ಹ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥ ಆ್ಯಪ್‌ಗಳು ಲಿಂಕನ್ನು ಫೋನಿನ ಬ್ರೌಸರಿಗೆ ಬಿಟ್ಟುಕೊಡದೆ ತಮ್ಮೊಳಗೇ ತೆರೆಯುತ್ತವೆ. ಹಾಗೆ ತೆರೆದ ಪುಟಗಳಿಗೆ ಈ ಆ್ಯಪ್‌ಗಳು ತಮ್ಮದೇ ಕೋಡನ್ನು ಸೇರಿಸುತ್ತವೆ ಎಂದು 2022ರಲ್ಲಿ ಫೆಲಿಕ್ಸ್ ಕ್ರೌಸ್ ಎಂಬ ಸಂಶೋಧಕರು ತೋರಿಸಿದರು. ಬಳಕೆದಾರರ ಆಯ್ಕೆಗಳನ್ನು ಗೌರವಿಸುವುದಕ್ಕಾಗಿಯೇ ಆ ಕೋಡ್ ಇದೆ ಎಂದು ಮೆಟಾ ಉತ್ತರಿಸಿತು. ವಾದ ಏನೇ ಇರಲಿ, ಕಾರ್ಡಿನ ಸಂಖ್ಯೆ, ಪಾಸ್‌ವರ್ಡ್‌ಗಳನ್ನು ಆ್ಯಪಿನೊಳಗೆ ತೆರೆದ ಪುಟದಲ್ಲಿ ತುಂಬದೆ ‘ಹೊರಗಿನ ಬ್ರೌಸರಿನಲ್ಲಿ ತೆರೆಯಿರಿ’ ಎಂಬ ಆಯ್ಕೆಯನ್ನು ಬಳಸುವುದು ಲೇಸು.

ಪರಿಚಿತ ಮುಖದ ಶಿಫಾರಸು

ಈಗ ನಿಜವಾಗಿ ಕಷ್ಟದ ಭಾಗಕ್ಕೆ ಬರೋಣ. ತಮಗೆ ಇಷ್ಟವಾದ ವ್ಯಕ್ತಿಯೊಬ್ಬರು ಒಂದು ವಸ್ತುವನ್ನು ಹೊಗಳಿದಾಗ ಅದು ಅನುಭವವೋ ಒಪ್ಪಂದವೋ ಎಂದು ತಿಳಿಯುವುದು ಹೇಗೆ? ಕಾನೂನು ಈ ಹೊಣೆಯನ್ನು ಹೇಳುವವರ ಮೇಲೆ ಹೊರಿಸಿದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಗಳ ಪ್ರಕಾರ ಹಣವಷ್ಟೇ ಅಲ್ಲದೆ ಉಚಿತವಾಗಿ ಪಡೆದ ವಸ್ತು, ಪ್ರವಾಸ, ನೌಕರಿಯ ಸಂಬಂಧ ಎಲ್ಲವನ್ನೂ ಬಹಿರಂಗಪಡಿಸಬೇಕು, ಮತ್ತು ಆ ಪ್ರಕಟಣೆ ಕಣ್ತಪ್ಪಿ ಹೋಗುವಂತಿರಬಾರದು. ಭಾರತದಲ್ಲಿ ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆ 2021ರಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ, ಎಂದರೆ ತಮ್ಮ ಹಿಂಬಾಲಕರಿಗೆ ಹೀಗೆ ವಸ್ತುಗಳನ್ನು ಶಿಫಾರಸು ಮಾಡುವವರಿಗೆ, ನಿಯಮ ರೂಪಿಸಿತು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ಮಾರ್ಗದರ್ಶಿ, ಶಿಫಾರಸು ಯಾವ ಭಾಷೆಯಲ್ಲಿದೆಯೋ ಪ್ರಕಟಣೆಯೂ ಅದೇ ಭಾಷೆಯಲ್ಲಿರಬೇಕೆಂದೂ ವಿಡಿಯೊದಲ್ಲಿ ಧ್ವನಿಯಲ್ಲಿಯೂ ಬರಹದಲ್ಲಿಯೂ ಇರಬೇಕೆಂದೂ ಹೇಳಿತು. ಈ ನಿಯಮಗಳನ್ನು ಓದುಗರು ತಿಳಿದಿರಬೇಕಾದದ್ದು ದೂರು ಕೊಡುವುದಕ್ಕಷ್ಟೇ ಅಲ್ಲ. ಇವುಗಳನ್ನು ತಪ್ಪಿಸಿಕೊಳ್ಳುವ ದಾರಿಗಳೇ ಗುರುತುಗಳಾಗಿ ನಮಗೆ ಸಹಾಯಕ್ಕೆ ಬರುತ್ತವೆ.

ಉದಾಹರಣೆಗೆ, ಬರಹದ ಮೊದಲೆರಡು ಸಾಲುಗಳು ಮಾತ್ರ ಕಾಣುವಂತಿದ್ದು ಉಳಿದದ್ದು ‘ಇನ್ನಷ್ಟು’ ಎಂಬುದರ ಹಿಂದೆ ಅಡಗಿರುತ್ತದೆ. ಪ್ರಕಟಣೆ ಇರುವುದು ಆ ಅಡಗಿದ ಭಾಗದಲ್ಲಿ, ಹದಿನೈದು ಹ್ಯಾಶ್‌ಟ್ಯಾಗ್‌ಗಳ ನಡುವೆ. ಅಥವಾ ‘ಧನ್ಯವಾದಗಳು’ ಎಂದು ಸಂಸ್ಥೆಯ ಹೆಸರನ್ನು ಟ್ಯಾಗ್ ಮಾಡಿರುತ್ತಾರೆ; ಯಾವುದಕ್ಕೆ ಧನ್ಯವಾದ ಎಂಬುದನ್ನು ಹೇಳಿರುವುದಿಲ್ಲ. ಅಥವಾ ‘ಸಹಯೋಗ’ ಎಂಬರ್ಥದ ‘ಕೊಲಾಬ್’ ಎಂಬ ತುಂಡು ಪದ ಮೂಲೆಯಲ್ಲಿ ಚಿತ್ರದ ಬಣ್ಣದಲ್ಲೇ ಬೆರೆತುಹೋಗಿರುತ್ತದೆ. ಸ್ಟೋರಿಗಳಲ್ಲಿ ಮೊದಲ ತುಣುಕಿನಲ್ಲಿ ಮಾತ್ರ ಪ್ರಕಟಣೆ ಇದ್ದು, ಮುಂದಿನ ಆರು ತುಣುಕುಗಳಲ್ಲಿ ಇಲ್ಲದಿರುವುದೂ ಉಂಟು. ನಡುವೆ ಬಂದು ನೋಡಿದವರಿಗೆ ಅದು ತಿಳಿಯುವುದೇ ಇಲ್ಲ.

ಯಾವ ಪ್ರಕಟಣೆಯೂ ಇಲ್ಲದಿದ್ದಾಗ ವಿಡಿಯೊದ ರಚನೆಯನ್ನು ಗಮನಿಸಬೇಕು. ಮುಖಕ್ಕೆ ಹಚ್ಚುವ ಕ್ರೀಮಿನ ಬಗ್ಗೆ ಒಂದು ನಿಮಿಷದ ರೀಲ್ ಇದೆ ಎಂದುಕೊಳ್ಳಿ. ‘ನಿಮ್ಮ ಸ್ಕಿನ್ ಇಷ್ಟು ಚೆನ್ನಾಗಿರೋದು ಹೇಗೆ ಅಂತ ಎಷ್ಟೋ ಜನ ಕೇಳ್ತಾನೇ ಇದ್ರಿ’ ಎಂದು ಆರಂಭವಾಗುತ್ತದೆ. ಕೆಲವೇ ಕ್ಷಣಗಳಲ್ಲಿ ಡಬ್ಬಿ ಕೈಗೆ ಬರುತ್ತದೆ, ಅದರ ಹೆಸರಿರುವ ಬದಿ ಕ್ಯಾಮೆರಾದತ್ತಲೇ ಇರುತ್ತದೆ, ಬೆರಳು ಹೆಸರನ್ನು ಮುಚ್ಚುವುದಿಲ್ಲ. ದಿನನಿತ್ಯ ಬಳಸುವವರು ಮೊಟಕುಗೊಳಿಸಿ ಹೇಳುವ ಹೆಸರನ್ನು ಇಲ್ಲಿ ಸಂಸ್ಥೆಯ ಹೆಸರಿನೊಂದಿಗೆ ಪೂರ್ತಿಯಾಗಿ, ಒಂದಕ್ಷರವೂ ಬಿಡದಂತೆ ಉಚ್ಚರಿಸುತ್ತಾರೆ. ಮೂರು ಗುಣಗಳು ಕ್ರಮವಾಗಿ ಬರುತ್ತವೆ, ದೋಷ ಒಂದೂ ಇರುವುದಿಲ್ಲ, ಇದ್ದರೂ ‘ಬೇಗ ಖಾಲಿಯಾಗುತ್ತೆ, ಅಷ್ಟು ಚೆನ್ನಾಗಿದೆ’ ಎಂಬಂಥ ದೋಷ. ಕೊನೆಗೆ ‘ನನ್ನ ಕೋಡ್ ಹಾಕಿದ್ರೆ ಡಿಸ್ಕೌಂಟ್ ಇದೆ, ಲಿಂಕ್ ಬಯೋದಲ್ಲಿದೆ’ ಎಂಬಲ್ಲಿಗೆ ಮುಗಿಯುತ್ತದೆ. ಆ ಕೋಡ್ ಇರುವುದು ನಿಮಗೆ ರಿಯಾಯಿತಿ ಕೊಡುವುದಕ್ಕೆ ಹೇಗೋ, ಯಾರ ಮೂಲಕ ಎಷ್ಟು ಮಾರಾಟವಾಯಿತು ಎಂದು ಎಣಿಸುವುದಕ್ಕೂ ಹಾಗೆಯೇ. ವೈಯಕ್ತಿಕ ಕೋಡ್ ಇದ್ದ ಕಡೆ ಒಪ್ಪಂದ ಇದ್ದೇ ಇದೆ ಎಂದು ತಿಳಿದು ಮುಂದುವರಿಯಬಹುದು.

ಇದಕ್ಕಿಂತ ಗಟ್ಟಿಯಾದ ಪರೀಕ್ಷೆ ಇನ್ನೊಂದಿದೆ. ಆ ವಸ್ತುವಿನ ಹೆಸರನ್ನು ಅದೇ ಜಾಲತಾಣದಲ್ಲಿ ಹುಡುಕಿ, ಬೇರೆ ಬೇರೆ ಖಾತೆಗಳಲ್ಲಿ ಒಂದೇ ವಾರದೊಳಗೆ ಬಂದ ನಾಲ್ಕೈದು ವಿಡಿಯೊಗಳನ್ನು ಒಂದರ ನಂತರ ಒಂದು ನೋಡಬೇಕು. ಸಂಸ್ಥೆಗಳು ಪ್ರಚಾರಕ್ಕೆ ಒಪ್ಪಿಕೊಂಡವರಿಗೆಲ್ಲ ಹೇಳಬೇಕಾದ ಅಂಶಗಳ ಪಟ್ಟಿಯೊಂದನ್ನು ಕೊಡುವುದು ರೂಢಿ. ಆದ್ದರಿಂದ ಮುಖಗಳು ಬೇರೆಯಾದರೂ ಗುಣಗಳ ಕ್ರಮ, ಒಂದೆರಡು ವಿಶೇಷಣಗಳು, ಹೋಲಿಕೆಗಳು ಅವೇ ಆಗಿರುತ್ತವೆ. ಒಮ್ಮೆ ಇದನ್ನು ಕಿವಿಯಾರೆ ಕೇಳಿಸಿಕೊಂಡವರಿಗೆ ಮುಂದೆ ಮೊದಲ ವಿಡಿಯೊದಲ್ಲೇ ಆ ಧಾಟಿ ಗೊತ್ತಾಗುತ್ತದೆ.

ಹಣಕಾಸಿನ ಶಿಫಾರಸುಗಳ ವಿಷಯದಲ್ಲಿ ಪ್ರಕಟಣೆ ಇದ್ದರೂ ಸಾಲದು. 2021ರಲ್ಲಿ ಅಮೆರಿಕದ ಟಿವಿ ತಾರೆ ಕಿಮ್ ಕಾರ್ಡಾಶಿಯನ್ ಅವರು ಒಂದು ಕ್ರಿಪ್ಟೊ ಟೋಕನ್ (ಹೂಡಿಕೆಯಾಗಿ ಮಾರುವ ಡಿಜಿಟಲ್ ನಾಣ್ಯ) ಬಗ್ಗೆ ಇನ್‌ಸ್ಟಾಗ್ರಾಂನಲ್ಲಿ ಬರೆದಾಗ ಅದು ಜಾಹೀರಾತೆಂಬ ಹ್ಯಾಶ್‌ಟ್ಯಾಗ್ ಹಾಕಿದ್ದರು. ಆದರೆ ಅದಕ್ಕಾಗಿ 2.5 ಲಕ್ಷ ಡಾಲರ್ ಪಡೆದದ್ದನ್ನು ಹೇಳಿರಲಿಲ್ಲ. ಹೂಡಿಕೆಯ ಪ್ರಚಾರದಲ್ಲಿ ಪಡೆದ ಮೊತ್ತವನ್ನೂ ತಿಳಿಸಬೇಕೆಂಬ ಕಾನೂನಿನ ಆಧಾರದ ಮೇಲೆ ಅಮೆರಿಕದ ಷೇರು ನಿಯಂತ್ರಣ ಆಯೋಗ ಕ್ರಮ ಕೈಗೊಂಡಿತು, 2022ರ ಅಕ್ಟೋಬರಿನಲ್ಲಿ ಅವರು 12.6 ಲಕ್ಷ ಡಾಲರ್ ಕೊಟ್ಟು ರಾಜಿಯಾದರು. ಹೂಡಿಕೆ, ಸಾಲ, ಔಷಧ ಇವುಗಳ ಬಗ್ಗೆ ಫೀಡಿನಲ್ಲಿ ಬರುವ ಯಾವ ಸಲಹೆಯನ್ನೂ, ಕೊಟ್ಟವರು ಎಷ್ಟೇ ಒಳ್ಳೆಯವರಾಗಿದ್ದರೂ, ಸಲಹೆಯಾಗಿ ತೆಗೆದುಕೊಳ್ಳಬಾರದು.

ಬ್ಲೂ ಟಿಕ್ ಮತ್ತು ಕಾಮೆಂಟುಗಳು

ಹೆಸರಿನ ಮುಂದಿನ ನೀಲಿ ಗುರುತು ಒಂದು ಕಾಲದಲ್ಲಿ ಪರಿಶೀಲನೆಯ ಫಲವಾಗಿತ್ತು. ಈಗ ಬಹುಮಟ್ಟಿಗೆ ಮಾರಾಟದ ಸರಕು. 2022ರ ನವೆಂಬರಿನಲ್ಲಿ ಟ್ವಿಟರ್ ತಿಂಗಳಿಗೆ 8 ಡಾಲರಿಗೆ ಅದನ್ನು ಮಾರತೊಡಗಿದ ಕೂಡಲೇ ಎಲಿ ಲಿಲಿ ಎಂಬ ಔಷಧ ಕಂಪನಿಯ ಹೆಸರಿನಲ್ಲಿ ಯಾರೋ ಖಾತೆ ತೆರೆದು, ನೀಲಿ ಗುರುತು ಕೊಂಡು, ಇನ್ಸುಲಿನ್ ಇನ್ನು ಉಚಿತ ಎಂದು ಪ್ರಕಟಿಸಿದರು. ಕಂಪನಿ ಕ್ಷಮೆ ಕೇಳಿ ಸ್ಪಷ್ಟನೆ ಕೊಡಬೇಕಾಯಿತು. ಮೆಟಾ ಕೂಡ 2023ರಿಂದ ಗುರುತನ್ನು ಚಂದಾಕ್ಕೆ ಕೊಡುತ್ತಿದೆ, ಗುರುತಿನ ಚೀಟಿ ನೋಡುತ್ತದೆ ಎಂಬುದಷ್ಟೇ ವ್ಯತ್ಯಾಸ. ಖಾತೆ ಯಾರದೆಂಬುದನ್ನು ಆ ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿರುವ ಲಿಂಕಿನ ಮೂಲಕವೇ ಖಚಿತಪಡಿಸಿಕೊಳ್ಳಬೇಕು.

ವಿಮರ್ಶೆಗಳು, ಲೈಕುಗಳು, ಹಿಂಬಾಲಕರ ಸಂಖ್ಯೆ ಇವೂ ಕೊಳ್ಳಲು ಸಿಗುತ್ತವೆ. ಅಮೆರಿಕದಲ್ಲಿ 2024ರ ಅಕ್ಟೋಬರಿನಿಂದ ಸುಳ್ಳು ವಿಮರ್ಶೆಗಳನ್ನೂ ಸುಳ್ಳು ಹಿಂಬಾಲಕರನ್ನೂ ಮಾರುವುದನ್ನು ನಿಷೇಧಿಸುವ ನಿಯಮ ಬಂದಿರುವುದೇ ಈ ದಂಧೆಯ ಗಾತ್ರಕ್ಕೆ ಸಾಕ್ಷಿ. ಹೊಗಳಿಕೆಗಳನ್ನು ಬಿಟ್ಟು ಪ್ರಶ್ನೆಗಳನ್ನು ಓದಿ: ‘ವಾಪಸ್ ಕಳುಹಿಸಿ ಎಷ್ಟೋ ದಿನವಾಯಿತು, ಹಣ ಬಂದಿಲ್ಲ’ ಎಂಬಂಥ ಮಾತಿಗೆ ಸಂಸ್ಥೆ ಏನು ಉತ್ತರ ಕೊಟ್ಟಿದೆ, ಅಥವಾ ಕಾಮೆಂಟುಗಳನ್ನೇ ಮುಚ್ಚಿಟ್ಟಿದೆಯೇ ಎಂಬುದು ಸಾವಿರ ನಕ್ಷತ್ರಗಳಿಗಿಂತ ಹೆಚ್ಚು ಹೇಳುತ್ತದೆ.

ಇನ್‌ಬಾಕ್ಸಿಗೆ ಬರುವ ವ್ಯಾಪಾರ

‘ಬೆಲೆ ಬೇಕಿದ್ದರೆ ಕಾಮೆಂಟಿನಲ್ಲಿ ಒಂದು ಪದ ಬರೆಯಿರಿ, ನಾವೇ ಮೆಸೇಜ್ ಮಾಡುತ್ತೇವೆ’ ಎಂಬ ಆಹ್ವಾನ ಈಚೆಗೆ ಎಲ್ಲೆಡೆ ಕಾಣುತ್ತದೆ. ಬೆಲೆಯನ್ನು ಪೋಸ್ಟಿನಲ್ಲೇ ಬರೆಯಲು ಅವರಿಗೆ ಯಾವ ಅಡ್ಡಿಯೂ ಇಲ್ಲ, ಬರೆಯದಿರಲು ಕಾರಣಗಳಿವೆ. ಕಾಮೆಂಟುಗಳು ಹೆಚ್ಚಿದಷ್ಟೂ ಪೋಸ್ಟ್ ಇನ್ನಷ್ಟು ಜನರಿಗೆ ಹೋಗುತ್ತದೆ ಎಂಬುದು ಒಂದು. ಮತ್ತೊಂದು ಮೆಸೇಜ್ ನಿಯಮದಲ್ಲಿದೆ: ನೀವು ಒಂದು ವ್ಯಾಪಾರ ಖಾತೆಗೆ ಮೆಸೇಜ್ ಬರೆದರೆ ಮುಂದಿನ 24 ಗಂಟೆಗಳ ಕಾಲ ಅದು ನಿಮಗೆ ಮುಕ್ತವಾಗಿ ಸಂದೇಶ ಕಳುಹಿಸಬಹುದು. ಹಾಗೆ ಬಾಗಿಲು ತೆರೆಯಲು ನಿಮ್ಮ ಒಂದು ಉತ್ತರ ಅವರಿಗೆ ಬೇಕು, ಕಾಮೆಂಟಿನಿಂದ ಆರಂಭವಾದ ಸರಣಿ ಆ ಉತ್ತರವನ್ನೇ ಕೇಳುತ್ತದೆ. ಅದೇ ವೇಳೆಗೆ ನೀವು ಯಾವುದರಲ್ಲಿ ಆಸಕ್ತರು ಎಂಬುದೂ ಎಲ್ಲರ ಕಣ್ಣಿಗೆ ಬೀಳುವಂತೆ ದಾಖಲಾಗಿರುತ್ತದೆ. ಸುಳ್ಳು ಗ್ರಾಹಕ ಸೇವೆಯ ಹೆಸರಿನಲ್ಲಿ ಮೋಸ ಮಾಡುವವರು ಇಂಥ ಕಾಮೆಂಟುಗಳನ್ನೇ ಹುಡುಕುತ್ತಿರುತ್ತಾರೆ. ಬೆಲೆ ಬರೆಯದ ಪೋಸ್ಟಿನಿಂದ ಮುಂದೆ ಸಾಗುವುದೇ ಮೇಲು.

ವಾಟ್ಸ್‌ಆ್ಯಪ್‌ನಲ್ಲಿ ಅಪರಿಚಿತ ಸಂಸ್ಥೆಯ ಸಂದೇಶ ಬಂದರೆ ಉತ್ತರಿಸಬೇಡಿ, ‘ಬೇಡ’ ಎಂದೂ ಬರೆಯಬೇಡಿ. ನೇರವಾಗಿ ಬ್ಲಾಕ್ ಮಾಡಿ, ರಿಪೋರ್ಟ್ ಮಾಡಿ. ಬೇಕಾದ ಸಂಸ್ಥೆಯೇ ಆಗಿದ್ದು ಪ್ರಚಾರ ಸಂದೇಶಗಳು ಮಾತ್ರ ಬೇಡವಾಗಿದ್ದರೆ, ಅದರ ಪ್ರೊಫೈಲಿನಲ್ಲಿ ಕೊಡುಗೆಗಳ ಸಂದೇಶ ನಿಲ್ಲಿಸುವ ಆಯ್ಕೆ ಇದೆಯೇ ಎಂದು ನೋಡಿ.

ಸೆಟ್ಟಿಂಗ್‌ಗಳಿಂದ ಏನಾಗುತ್ತದೆ, ಏನಾಗುವುದಿಲ್ಲ

ಸೆಟ್ಟಿಂಗ್‌ಗಳನ್ನು ಬದಲಾಯಿಸಿದರೆ ಜಾಹೀರಾತುಗಳ ಸಂಖ್ಯೆ ಕಡಿಮೆಯಾಗುವುದಿಲ್ಲ, ಅವು ನಿಮ್ಮ ಬಗ್ಗೆ ತಿಳಿದಿರುವುದು ಕಡಿಮೆಯಾಗುತ್ತದೆ. ಇಷ್ಟಕ್ಕೆ ಶ್ರಮ ಸಾರ್ಥಕವೇ ಎಂದು ಕೇಳುವವರಿಗೆ ಒಂದು ಲೆಕ್ಕ ಹೇಳಬಹುದು. 2021ರ ಏಪ್ರಿಲ್‌ನಲ್ಲಿ ಆ್ಯಪಲ್ ತನ್ನ ಫೋನುಗಳಲ್ಲಿ, ಬೇರೆ ಆ್ಯಪ್‌ಗಳಲ್ಲೂ ತಾಣಗಳಲ್ಲೂ ನಿಮ್ಮ ಚಟುವಟಿಕೆಯನ್ನು ಹಿಂಬಾಲಿಸಲು ಅನುಮತಿ ಕೇಳುವುದನ್ನು ಕಡ್ಡಾಯ ಮಾಡಿತು. ಆ ಒಂದು ಪ್ರಶ್ನೆಯಿಂದ ತನಗೆ 2022ರಲ್ಲಿ ಸುಮಾರು 10 ಶತಕೋಟಿ ಡಾಲರ್ ವರಮಾನ ಖೋತಾ ಆಗಬಹುದೆಂದು ಮೆಟಾ ಅಂದಾಜು ಮಾಡಿತು. ‘ಬೇಡ’ ಎಂಬ ಗುಂಡಿಗೆ ಅಷ್ಟು ತೂಕವಿದೆ.

ಹಾಗಾಗಿ ಐಫೋನಿನಲ್ಲಿ ಆ ಪ್ರಶ್ನೆ ಬಂದಾಗ ನಿರಾಕರಿಸಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್‌ಗಳಲ್ಲಿ ‘ಆ್ಯಡ್ಸ್’ ಭಾಗಕ್ಕೆ ಹೋಗಿ ಜಾಹೀರಾತುದಾರರಿಗೆ ನಿಮ್ಮ ಫೋನನ್ನು ಗುರುತಿಸಿಕೊಡುವ ಜಾಹೀರಾತು ಐಡಿಯನ್ನು ಅಳಿಸಿ. ಮೆಟಾದ ‘ಅಕೌಂಟ್ಸ್ ಸೆಂಟರ್’ನಲ್ಲಿ ಬೇರೆ ಸಂಸ್ಥೆಗಳು ಕಳುಹಿಸಿದ ನಿಮ್ಮ ಚಟುವಟಿಕೆಯ ಪಟ್ಟಿಯಿದೆ. ಯಾವ ಆ್ಯಪ್, ಯಾವ ಅಂಗಡಿ, ಯಾವ ದಿನ ಎಂಬ ವಿವರಗಳಿರುವ ಆ ಪಟ್ಟಿಯನ್ನು ಅಳಿಸುವ ಮೊದಲು ಒಮ್ಮೆ ನಿಧಾನವಾಗಿ ಓದಿ ನೋಡಿ. ಹೆಚ್ಚಿನವರು ಅದರ ಉದ್ದವನ್ನು ಊಹಿಸಿರುವುದಿಲ್ಲ. ಬಳಿಕ ಅದನ್ನು ಅಳಿಸಿ, ಮುಂದಕ್ಕೂ ಖಾತೆಗೆ ಜೋಡಿಸದಂತೆ ಆರಿಸಿ. ಅಲ್ಲಿಯೇ ಜಾಹೀರಾತು ಆದ್ಯತೆಗಳಲ್ಲಿ ನಿಮ್ಮನ್ನು ಪಟ್ಟಿಯಲ್ಲಿ ಸೇರಿಸಿಕೊಂಡ ಸಂಸ್ಥೆಗಳ ಹೆಸರುಗಳೂ ಸಿಗುತ್ತವೆ. ಈ ಆಯ್ಕೆಗಳ ಹೆಸರೂ ಜಾಗವೂ ಆಗಾಗ ಬದಲಾಗುವುದರಿಂದ, ಸಿಗದಿದ್ದರೆ ಸೆಟ್ಟಿಂಗ್‌ಗಳ ಮೇಲ್ಭಾಗದ ಹುಡುಕಾಟದಲ್ಲಿ ‘ಆ್ಯಡ್’ ಎಂದು ಬರೆದರೆ ದಾರಿ ಕಾಣುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2023ರ ನವೆಂಬರಿನಿಂದ ಚಂದಾ ಕಟ್ಟಿ ಜಾಹೀರಾತಿಲ್ಲದ ಫೇಸ್‌ಬುಕ್ ಪಡೆಯುವ ಆಯ್ಕೆಯೂ ಇದೆ. ಅಲ್ಲಿನ ಕಾನೂನು ಅಪ್ರಾಪ್ತ ವಯಸ್ಕರ ಮಾಹಿತಿಯನ್ನು ಆಧರಿಸಿದ ಜಾಹೀರಾತನ್ನೇ ನಿಷೇಧಿಸಿರುವುದು ನನಗೆ ಚಂದಾಕ್ಕಿಂತ ದೊಡ್ಡ ಹೆಜ್ಜೆಯಾಗಿ ಕಾಣುತ್ತದೆ. ಮಕ್ಕಳಿಗೆ ಖಾತೆ ತೆರೆದುಕೊಡುವವರು ವಯಸ್ಸನ್ನು ಹೆಚ್ಚಿಸಿ ಬರೆದರೆ ಅಂಥ ರಕ್ಷಣೆಗಳೆಲ್ಲ ವ್ಯರ್ಥವಾಗುತ್ತವೆ.

ಫೀಡಿನ ಕ್ರಮವನ್ನೂ ಸ್ವಲ್ಪಮಟ್ಟಿಗೆ ಬದಲಿಸಬಹುದು. ಇನ್‌ಸ್ಟಾಗ್ರಾಂನ ‘ಫಾಲೋಯಿಂಗ್’, ಫೇಸ್‌ಬುಕ್‌ನ ‘ಫೀಡ್ಸ್’, ಯೂಟ್ಯೂಬಿನ ‘ಸಬ್‌ಸ್ಕ್ರಿಪ್ಷನ್ಸ್’ ಭಾಗಗಳಲ್ಲಿ ನೀವು ಆರಿಸಿಕೊಂಡವರ ಪೋಸ್ಟ್‌ಗಳು ಮಾತ್ರ, ಹೊಸದು ಮೊದಲಾಗಿ ಬರುತ್ತವೆ. ಜಾಹೀರಾತು ಅಲ್ಲಿಯೂ ಇರಬಹುದು, ಆದರೆ ಕೇಳದೆ ತಂದುಕೊಡುವ ‘ಸಲಹೆ’ಗಳ ರಾಶಿ ಇರುವುದಿಲ್ಲ. ಆ್ಯಪ್ ತೆರೆದಾಗ ಮೊದಲು ಕಾಣುವುದು ಇವಲ್ಲವಾದ್ದರಿಂದ ಪ್ರತಿ ಸಲವೂ ನಾವೇ ಒತ್ತಿ ಹೋಗಬೇಕು.

ಕೊಳ್ಳುವ ಮುನ್ನ

ಇಷ್ಟಾಗಿಯೂ ಫೀಡಿನಲ್ಲಿ ಕಂಡ ವಸ್ತು ನಿಜಕ್ಕೂ ಬೇಕೆನಿಸಿದರೆ, ಅದರ ಹೆಸರನ್ನು ಮಾತ್ರ ಬರೆದಿಟ್ಟುಕೊಂಡು ಆ್ಯಪನ್ನು ಮುಚ್ಚಿ. ಮರುದಿನವೂ ಬೇಕೆನಿಸಿದರೆ ಬ್ರೌಸರಿನಲ್ಲಿ ಆ ಸಂಸ್ಥೆಯ ತಾಣವನ್ನು ಸ್ವತಃ ಹುಡುಕಿ ತೆರೆಯಿರಿ. ಹಿಂದಿನ ದಿನ ‘ಎರಡು ಗಂಟೆ ಮಾತ್ರ’ ಎಂದು ಇಳಿಯುತ್ತಿದ್ದ ಗಡಿಯಾರ ಮತ್ತೆ ಎರಡು ಗಂಟೆಯಿಂದಲೇ ಆರಂಭವಾಗಿದೆಯೇ, ಕಚೇರಿಯ ವಿಳಾಸ ಮತ್ತು ದೂರವಾಣಿ ಇವೆಯೇ, ವಾಪಸಾತಿಯ ನಿಯಮದಲ್ಲಿ ಸಾಗಣೆಯ ಖರ್ಚು ಯಾರದೆಂದು ಬರೆದಿದೆಯೇ ಎಂಬುದನ್ನು ನೋಡಿ. ವಸ್ತುವಿನ ಚಿತ್ರವನ್ನು ಚಿತ್ರ ಹುಡುಕಾಟಕ್ಕೆ ಹಾಕಿದರೆ ಅದೇ ಚಿತ್ರ ಬೇರೆ ಹೆಸರಿನಲ್ಲಿ, ಬಹಳ ಕಡಿಮೆ ಬೆಲೆಗೆ ಸಗಟು ಮಾರುಕಟ್ಟೆಯ ತಾಣದಲ್ಲಿ ಸಿಗುವುದುಂಟು. ಆಗ ನೀವು ಕೊಳ್ಳಲಿರುವುದು ಅದೇ ಸರಕಿಗೆ ಹೊಸ ಹೆಸರು ಅಂಟಿಸಿದ್ದೇ ಇರಬಹುದೆಂದು ಲೆಕ್ಕ ಹಾಕಬಹುದು. ಕೊಳ್ಳುವುದಾದರೆ ಹಣ ಹಿಂಪಡೆಯಲು ದಾರಿ ಇರುವ ಪಾವತಿ ವಿಧಾನವನ್ನೇ ಬಳಸಿ, ಯಾರದೋ ವೈಯಕ್ತಿಕ ಖಾತೆಗೆ ನೇರವಾಗಿ ಹಣ ಹಾಕಬೇಡಿ. ಹಣ ಕೊಡುವ ಮುನ್ನವೇ ಜಾಹೀರಾತಿನ, ಅದನ್ನು ಹಾಕಿದ ಪುಟದ ಹೆಸರಿನ, ಹೇಳಿದ ಬೆಲೆಯ ಮತ್ತು ಭರವಸೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಸ್ಟೋರಿಗಳು 24 ಗಂಟೆಗಳಲ್ಲಿ ಮಾಯವಾಗುತ್ತವೆ, ಪುಟಗಳು ಹೆಸರು ಬದಲಿಸುತ್ತವೆ. ಬ್ಯಾಂಕಿಗಾಗಲಿ ಗ್ರಾಹಕ ವೇದಿಕೆಗಾಗಲಿ ದೂರು ಕೊಡುವ ಹೊತ್ತಿಗೆ ನಿಮ್ಮ ಬಳಿ ಇರುವ ಆ ಚಿತ್ರಗಳ ಹೊರತು ಬೇರೆ ಪುರಾವೆ ಉಳಿದಿರದೆ ಇರಬಹುದು.